ಕಡಲಿನ ಪಾಲು

(ಕಾರವಾರದ ಕಡಲಿನಲ್ಲಿ ಕಳೆದ ಒಂದು ದಿನವನ್ನು ಕುರಿತು ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡ ನಾಡಿನ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಹಂಪೆಯ ಕಲ್ಲು, ಬೇಲೂರಿನ ಶಿಲ್ಪ, ಜೋಗದ ನೀರು, ಮೈಸೂರಿನ ದಸರೆ ನೆನಪಾಗುವುದು ಸಹಜ. ಅವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯಿಂದ ಹಲವು ಸಲ ಮಾತನಾಡಿದ್ದಾರೆ. ಆದರೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳ ಉದ್ದಕ್ಕೂ ಮುನ್ನೂರು ಕಿಲೋಮೀಟರಿಗೂ ಮಿಗಿಲಾಗಿ ಒಂದು ಕಡಲು ನಮ್ಮದಾಗಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ಊಟದ ತಟ್ಟೆಯ ಮುಂದೆ ಕುಳಿತಾಗ ಮಾತ್ರ ನೆನಪಿಗೆ ಬರುತ್ತದೆ. ಮೀನು ತಿನ್ನದವರಿಗೆ ಅಷ್ಟೂ ಇಲ್ಲ. ಆದುದರಿಂದ ಇಂದು ಆ ಕಡಲನ್ನು ಕುರಿತು ನಾಲ್ಕು ಮಾತುಗಳನ್ನಾಡಲು ತಮ್ಮ ಅಪ್ಪಣೆ ಬೇಡುತ್ತೇವೆ.

ನಾವು ಬ್ಯಾಂಕಿನ ಗುಮಾಸ್ತರು, ಬಿ.ಕಾಂ. ಓದಿ ಜಮಾ ಖರ್ಚು ಬರೆಯುವುದನ್ನು ಕಲಿತವರು. ಸಮುದ್ರಶಾಸ್ತ್ರವಾಗಲಿ ಪ್ರಾಣಿಶಾಸ್ತ್ರವಾಗಲಿ ನಮ್ಮ ಕಸುಬಲ್ಲ. ಕಳೆದ ವರ್ಷದ ಡಿಸೆಂಬರ್ ರಜೆಯಲ್ಲಿ ನಾವು ಆರು ಮಂದಿ, ದೊಡ್ಡವರು ನಾಲ್ವರು ಮಕ್ಕಳಿಬ್ಬರು, ಕಾರವಾರದಲ್ಲಿ ಒಂದು ಸಣ್ಣ ದೋಣಿ ಹತ್ತಿ ಬೆಳಗಿನಿಂದ ಸಂಜೆಯ ತನಕ ಕಡಲಿನ ಮೇಲಿದ್ದೆವು. ಆ ದಿನ ಕಂಡದ್ದನ್ನು ಕಂಡ ಹಾಗೆ, ಆಮೇಲೆ ಓದಿ ತಿಳಿದುದನ್ನು ತಿಳಿದ ಹಾಗೆ ತಮ್ಮ ಮುಂದಿಡುತ್ತೇವೆ.

ಮೊದಲು ಊರಿನ ವಿಷಯ. ಕಾರವಾರಕ್ಕೂ ಮುಂಬಯಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಂದಿನಿಂದ 1956ರ ನವೆಂಬರ್ 1ರ ವರೆಗೆ, ಎಂದರೆ ತೊಂಬತ್ತು ವರ್ಷಗಳಿಗೂ ಮೇಲ್ಪಟ್ಟು, ಕಾರವಾರದ ಜನರಿಗೆ ರಾಜಧಾನಿಯೆಂದರೆ ಮುಂಬಯಿಯೇ. ಕವಿ ರವೀಂದ್ರನಾಥ ಠಾಕೂರರು 1883ರಲ್ಲಿ ಇಲ್ಲಿಗೆ ಬಂದದ್ದು ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದುದರಿಂದ. ಊರಿನ ಕಡಲತಡಿಗೆ ಇಂದಿಗೂ ಕವಿಯ ಹೆಸರೇ ಇದೆ. ಈಗ ನಮ್ಮವರು ಊರಿಗೆ ಹೋಗುವುದು ಕೊಂಕಣ ರೈಲಿನಲ್ಲಿ. ಆ ದಾರಿಯ ಒಂದು ಗಾಡಿಗೆ ಮತ್ಸ್ಯಗಂಧಾ ಎಂದು ಹೆಸರಿಟ್ಟವರು ಯಾರೋ ರಸಿಕರೇ ಇರಬೇಕು. ನಾವು ಹೋದದ್ದೂ ಅದರಲ್ಲೇ.

ಕಾಳಿ ನದಿ ಸಹ್ಯಾದ್ರಿಯ ಮೇಲಿನ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ನದಿಯ ಬಾಯಿಯ ಉತ್ತರಕ್ಕೆ ಸದಾಶಿವಗಡದ ಗುಡ್ಡ, ಅದರಾಚೆ ದೇವಬಾಗದ ಮರಳು. ದಕ್ಷಿಣಕ್ಕೆ ಊರು, ಬಂದರು. ಎದುರಿಗೆ ಕಡಲಿನಲ್ಲಿ ಕೆಲವು ನಡುಗಡ್ಡೆಗಳಿವೆ. ಒಂದು ಕೂರ್ಮಗಡ, ಆಮೆ ಬೆನ್ನು ಮೇಲೆತ್ತಿ ಮಲಗಿದಂತೆ ತೋರುವುದರಿಂದ ಆ ಹೆಸರು. ಅಲ್ಲಿ ನರಸಿಂಹ ದೇವರ ಗುಡಿಯಿದೆ. ಪುಷ್ಯ ಮಾಸದ ಹುಣ್ಣಿಮೆಯ ಜಾತ್ರೆಗೆ ಭಕ್ತರು ದೋಣಿಗಳಲ್ಲೇ ಹೋಗಬೇಕು. ಇನ್ನೊಂದು ದೇವಗಡ, ಅದರ ಮೇಲೆ ಹಳೆಯ ದೀಪಸ್ತಂಭ. ತುಸು ದೂರದಲ್ಲಿ, 1961ರ ವರೆಗೆ ಪೋರ್ತುಗೀಜರ ಕೈಯಲ್ಲಿದ್ದ ಅಂಜದೀವಿ.

ಬೆಳಗಿನ ಐದು ಗಂಟೆಗೆ ನಾವು ದಡದಲ್ಲಿ ನಿಂತಿದ್ದೆವು. ದೋಣಿ ಎಂಟು ಮೀಟರಿಗಿಂತ ಹೆಚ್ಚಿನದಲ್ಲ; ಹಿಂದೆ ಒಂದು ಸಣ್ಣ ಎಂಜಿನು, ಒಳಗೆ ಎರಡು ಹುಟ್ಟು, ಬಲೆಯ ರಾಶಿ, ಕುಡಿಯುವ ನೀರಿನ ಕೊಡ. ದೋಣಿಯ ಯಜಮಾನರು ಅರುವತ್ತು ದಾಟಿದ ಹಿರಿಯರು. ಆ ಕಡೆ ದೋಣಿ ನಡೆಸುವವನನ್ನು ತಾಂಡೇಲನೆನ್ನುತ್ತಾರೆ. ನಾವೂ ತಾಂಡೇಲರೇ ಎಂದೇ ಕರೆದೆವು, ಮಕ್ಕಳು ಅಜ್ಜ ಎಂದರು. ಅವರ ಜತೆ ಅಳಿಯನೊಬ್ಬ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಮುಂಬಯಿಯವರೆಂದು ತಿಳಿದ ಮೇಲೆ ನಡುನಡುವೆ ಮರಾಠಿ; ಒಂದೇ ಉಸಿರಿನಲ್ಲಿ ಮೂರು ಭಾಷೆಗಳನ್ನು ನಡೆಸುವ ಅವರ ಚಾತುರ್ಯವನ್ನು ನೋಡಿ, ಈ ಊರಿನಲ್ಲಿ ನಾವು ಪಡುವ ಪಾಡು ನೆನಪಾಗಿ ನಗು ಬಂತು. ಲೈಫ್ ಜಾಕೆಟ್ ತೊಡದ ಹೊರತು ದೋಣಿ ಅಲುಗುವುದಿಲ್ಲವೆಂದು ಅವರು ಖಂಡಿತವಾಗಿ ಹೇಳಿದರು, ತೊಟ್ಟೆವು.

ಅಷ್ಟು ಬೆಳಗ್ಗೆ ಏಕೆ ಹೊರಡಬೇಕು ಎಂದು ಕೇಳಿದುದಕ್ಕೆ ಅವರು ಗಾಳಿಯ ಕಡೆ ಕೈ ತೋರಿಸಿದರು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಆಗುವುದಿಲ್ಲ. ಆದುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನಕ್ಕೆ ನೆಲ ಕಾದು ಗಾಳಿ ತಿರುಗುತ್ತದೆ. ಎಂಜಿನು ಇಲ್ಲದ ಕಾಲದಲ್ಲಿ ಹಾಯಿಕಟ್ಟಿ ಹೋಗುತ್ತಿದ್ದವರಿಗೆ ಹೋಗುವಾಗ ಒಂದು ಗಾಳಿ, ಬರುವಾಗ ಒಂದು ಗಾಳಿ, ಎರಡೂ ಪುಕ್ಕಟೆ. ಈಗ ಎಂಜಿನು ಬಂದಿದ್ದರೂ ಎಣ್ಣೆ ಉಳಿಸಲು ತಾಂಡೇಲರು ಅದೇ ವೇಳಾಪಟ್ಟಿಯನ್ನು ಬಿಟ್ಟಿಲ್ಲ.

ಕತ್ತಲೆಯಿನ್ನೂ ಹರಿದಿರಲಿಲ್ಲ. ಅಳಿಯ ಹುಟ್ಟು ಹಾಕಿದೊಡನೆ ನೀರಿನಲ್ಲಿ ನೀಲಿ ಹಸಿರು ಬೆಳಕು ಮಿನುಗಿತು. ಮಕ್ಕಳು ಕೈಯಾಡಿಸಿದರೆ ಬೆರಳುಗಳ ಸುತ್ತ ಬೆಳಕಿನ ಪುಡಿ! ನಾಕ್ಟಿಲೂಕಾ ಎಂಬ ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುವ ಜೀವಿಯ ಬೆಳಕದು. ನೀರು ಕದಡಿದಾಗ ಬೆಳಗುತ್ತದೆ. ಚೆಲುವೇನೋ ಚೆಲುವೇ. ಆದರೆ ಅದು ವಿಪರೀತ ಬೆಳೆದು ನೀರೇ ಹಸಿರಾದಾಗ ಮೀನು ಆ ಕಡೆ ಸುಳಿಯುವುದಿಲ್ಲವೆಂದು ತಾಂಡೇಲರು ಹೇಳಿದರು. ಆ ದಿನ ಅಷ್ಟಿರಲಿಲ್ಲ.

ದಡ ಹಿಂದಾಯಿತು. ಬಯಲಾದ ನೀರಿನಲ್ಲಿ ತಮ್ಮ ಜಾಗವನ್ನು ಅವರು ಹೇಗೆ ಹುಡುಕುತ್ತಾರೆಂಬುದು ನಮಗೊಂದು ಒಗಟಾಗಿತ್ತು. ಉತ್ತರ ಸರಳವಾಗಿತ್ತು. ದೀಪಸ್ತಂಭ ಹಿಂದಿನ ಗುಡ್ಡದ ಒಂದು ತಗ್ಗಿನ ನೇರಕ್ಕೆ ಬರಬೇಕು. ಇನ್ನೊಂದು ಕಡೆ ಕೂರ್ಮಗಡದ ತುದಿ ಮತ್ತೊಂದು ಗುಡ್ಡದ ಅಂಚನ್ನು ಮುಟ್ಟಬೇಕು. ಎರಡು ಗೆರೆಗಳು ಸೇರುವ ಜಾಗವೇ ಅವರ ಜಾಗ. ಅಲ್ಲಿ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಬಿಟ್ಟು ತೋಳುಗಳನ್ನು ಚಾಚಿ ಅಳೆದರು. "ಏಳು ಮಾರು" ಎಂದರು. ಮಾರು ಎಂಬ ಅಳತೆಯನ್ನು ನಾವು ಹೂವಿನವಳ ಬುಟ್ಟಿಯ ಹೊರತು ಬೇರೆಲ್ಲೂ ಕೇಳಿರಲಿಲ್ಲ. ಏಳು ಮಾರೆಂದರೆ ಸುಮಾರು ಹದಿಮೂರು ಮೀಟರು.

ದಿನವನ್ನು ಆರಿಸುವುದೂ ತಿಥಿ ನೋಡಿಯೇ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಉಬ್ಬರ ಇಳಿತ ದೊಡ್ಡದು, ನೀರಿನ ಸೆಳೆತ ಬಲವಾದದ್ದು. ಬಲೆ ನೆಟ್ಟಗೆ ನಿಲ್ಲದೆ ಮಡಚಿಕೊಳ್ಳುತ್ತದೆ. ಅಷ್ಟಮಿ ನವಮಿಯ ಹೊತ್ತಿಗೆ ನೀರು ಸೌಮ್ಯ. ದಿನದಿಂದ ದಿನಕ್ಕೆ ಉಬ್ಬರ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆಂಬ ಲೆಕ್ಕ ಅವರ ಬೆರಳ ತುದಿಯಲ್ಲಿತ್ತು. ಅವರ ಮನೆಯ ಪಂಚಾಂಗ ಮದುವೆಗಿಂತ ಹೆಚ್ಚಾಗಿ ಮೀನಿಗೇ ಉಪಯೋಗವಾಗುತ್ತದೆಯೆಂದು ಅಳಿಯ ನಕ್ಕ.

ಇನ್ನು ಬಲೆ. ಇದು ದಿಂಬಿಗಟ್ಟಿದಂತೆ ಮೇಲಂಚಿಗೆ ತೇಲುಗುಂಡುಗಳು, ಕೆಳಗಂಚಿಗೆ ಸೀಸದ ಗುಂಡುಗಳು ಇದ್ದು, ನೀರಿನೊಳಗೆ ಗೋಡೆಯಂತೆ ನಿಲ್ಲುವ ಬಲೆ. ಮೀನು ಈಜುತ್ತ ಬಂದು ಬಲೆಯ ಕಣ್ಣಿನಲ್ಲಿ ತಲೆ ತೂರಿಸುತ್ತದೆ. ಕಿವಿರು ಸಿಕ್ಕಿಕೊಂಡು ಹಿಂದಕ್ಕೂ ಬರಲಾರದು, ಮುಂದಕ್ಕೂ ಹೋಗಲಾರದು. ಕಣ್ಣಿಗಿಂತ ಸಣ್ಣ ಮೀನು ಪಾರಾಗಿ ಹೋಗುತ್ತದೆ. ತೀರ ದೊಡ್ಡ ಮೀನಿನ ತಲೆಯೇ ಹಿಡಿಯುವುದಿಲ್ಲ. ಈ ಕಣ್ಣಿನ ಅಳತೆಯನ್ನು ದಯವಿಟ್ಟು ನೆನಪಿನಲ್ಲಿಡಬೇಕು. ನಮ್ಮ ಇಡೀ ಭಾಷಣ ಆ ಕಣ್ಣಿನ ಮೇಲೆಯೇ ನಿಂತಿದೆ.

ಬಲೆ ಬಿಟ್ಟು ಎರಡು ಗಂಟೆ ಕಾಯಬೇಕು. ಮಕ್ಕಳ ಕೈಗೆ ಗಾಳ ಬಂತು. ನಮ್ಮಲ್ಲೊಬ್ಬರು ಹುಟ್ಟಾ ಶಾಕಾಹಾರಿಗಳು, ಹಕ್ಕಿ ನೋಡಲೆಂದೇ ಬಂದವರು. ಮೊದಲು ಅವರು ಮುಖ ಅತ್ತ ತಿರುಗಿಸಿ ಕುಳಿತಿದ್ದರು. ಅರ್ಧ ಗಂಟೆಯೊಳಗೆ ದಾರ ಎಳೆಯುವುದು ಹೇಗೆಂದು ಮಕ್ಕಳಿಗೆ ಬುದ್ಧಿ ಹೇಳತೊಡಗಿದರು. ಬಂಡೆಯ ಬಳಿ ವಾಸಿಸುವ ಕೆಂಪು ಛಾಯೆಯ ಒಂದು ಮೀನು ಗಾಳಕ್ಕೆ ಬಿತ್ತು. ಅಂಗೈಯುದ್ದವೂ ಇರಲಿಲ್ಲ. ತಾಂಡೇಲರು ಗಾಳ ಬಿಡಿಸಿ, "ಹೋಗಿ ನಿನ್ನ ಅಪ್ಪನ್ನ ಕಳಿಸು" ಎಂದು ನೀರಿಗೆ ಬಿಟ್ಟರು. ಮಕ್ಕಳಿಗೆ ಮೀನು ಹೋದ ದುಃಖಕ್ಕಿಂತ ಆ ಮಾತಿನ ಸಂತೋಷ ಹೆಚ್ಚಾಯಿತು.

ಹೊತ್ತು ಏರಿದಂತೆ ಹಕ್ಕಿಗಳು ಬಂದವು. ಬಿಳಿಯ ಕಡಲಹಕ್ಕಿಗಳ ಒಂದು ಗುಂಪು ದೋಣಿಯನ್ನು ಸುತ್ತಿತು. ಅವುಗಳ ಹೆಸರು ಕಂದುತಲೆಯ ಕಡಲಹಕ್ಕಿ. ತಲೆ ಮಾತ್ರ ಬೆಳ್ಳಗೆ! ಕಾರಣವೇನೆಂದರೆ, ಚಳಿಗಾಲದಲ್ಲಿ ಕಣ್ಣಿನ ಹಿಂದಿನ ಒಂದು ಕಪ್ಪು ಮಚ್ಚೆಯಷ್ಟೇ ಉಳಿದಿರುತ್ತದೆ. ಮರಿಮಾಡುವ ಕಾಲ ಹತ್ತಿರವಾದಾಗ ತಲೆಗೆ ಕಂದು ಬಣ್ಣ ಬರುತ್ತದೆ. ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಅವು ಮರಿಮಾಡುತ್ತವೆ. ನೀರು ಹೆಪ್ಪುಗಟ್ಟುವ ಮುನ್ನ ಹೊರಟು ನಮ್ಮ ಕಡಲತೀರಗಳಿಗೆ ಬಂದು ಬೇಸಗೆಯಲ್ಲಿ ಮರಳುತ್ತವೆ. ಹೊಟ್ಟೆಪಾಡಿಗೆ ಒಂದು ಊರು, ಹುಟ್ಟಿಗೆ ಒಂದು ಊರು! ಈ ಸಭೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಕೂರ್ಮಗಡದ ಕಡೆಯಿಂದ ದೊಡ್ಡದೊಂದು ಹದ್ದು ತೇಲಿ ಬಂತು. ಬಿಳಿಯ ಹೊಟ್ಟೆ, ಬೂದು ರೆಕ್ಕೆ. ರೆಕ್ಕೆಗಳನ್ನು ಚಾಚಿದರೆ ತುದಿಯಿಂದ ತುದಿಗೆ ಎರಡು ಮೀಟರು. ಬಿಳಿಹೊಟ್ಟೆಯ ಕಡಲಹದ್ದು ಎಂದರೆ ಇದೇ. ಮೀನಿನಂತೆಯೇ ಕಡಲಹಾವೂ ಇದಕ್ಕೆ ಪ್ರಿಯವಾದ ಆಹಾರ. ಒಂದೇ ಗೂಡಿಗೆ ವರ್ಷ ವರ್ಷವೂ ಮರಳಿ ಬಂದು ಹೊಸ ಕಡ್ಡಿಗಳನ್ನು ಸೇರಿಸುತ್ತದೆ. ಅಂಥ ಹಳೆಯ ಗೂಡಿರುವ ಮರವೊಂದು ಬಿದ್ದರೆ ಹೋಗುವುದು ಮರವೊಂದೇ ಅಲ್ಲ, ಹಲವು ವರ್ಷಗಳ ಗೃಹಕೃತ್ಯ.

ಎಂಟೂವರೆಯ ಸುಮಾರಿಗೆ ತಾಂಡೇಲರು ಬಾಯಿಯ ಮೇಲೆ ಬೆರಳಿಟ್ಟು ನದಿಯ ಬಾಯಿಯ ಕಡೆ ನೋಡುವಂತೆ ಸನ್ನೆ ಮಾಡಿದರು. ಮೊದಲು "ಫುಸ್" ಎಂಬ ಸದ್ದು, ಆಮೇಲೆ ಬೂದು ಬಣ್ಣದ ಒಂದು ಬೆನ್ನು. ಮತ್ತೊಂದು. ಒಟ್ಟು ಐದು ಡಾಲ್ಫಿನ್ನುಗಳು. ಒಂದರ ಪಕ್ಕಕ್ಕೆ ಅಂಟಿಕೊಂಡಂತೆ ತಿಳಿಬಣ್ಣದ ಮರಿ. ತಾಯಿ ಏಳುವಾಗ ಮರಿ ಏಳುತ್ತಿತ್ತು, ತಾಯಿ ಮುಳುಗುವಾಗ ಮುಳುಗುತ್ತಿತ್ತು. ನಾವು ಆರು ಮಂದಿ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಅವು ಮಾತ್ರ ನಿರಾಳವಾಗಿ ಉಸಿರು ಬಿಡುತ್ತಿದ್ದವು.

ಇವುಗಳ ಬೆನ್ನಿನ ಮೇಲೆ ಈಜುರೆಕ್ಕೆಯ ಬುಡದಲ್ಲಿ ಒಂದು ಡುಬ್ಬವಿರುತ್ತದೆ. ಹಿಂದೂ ಮಹಾಸಾಗರದ ಡುಬ್ಬದ ಡಾಲ್ಫಿನ್ ಎಂದು 2014ರಲ್ಲಿ ಶಾಸ್ತ್ರಜ್ಞರು ಇದನ್ನು ಬೇರೆಯೇ ಒಂದು ಜಾತಿಯಾಗಿ ಗುರುತಿಸಿದರು. ಈಗ ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿ ಸೇರಿದೆ. ಆಳವಾದ ಕಡಲು ಇದಕ್ಕೆ ಬೇಡ. ದಡಕ್ಕೆ ಹತ್ತಿರದ ಆಳವಿಲ್ಲದ ನೀರು, ಅದರಲ್ಲೂ ನದಿಗಳ ಬಾಯಿ ಇದರ ವಾಸ. ಅದೇ ಇದರ ಸಂಕಟವೂ ಹೌದು. ಬಂದರು ಕಟ್ಟುವುದೂ ಅಲ್ಲೇ, ಬಲೆ ಹಾಕುವುದೂ ಅಲ್ಲೇ, ಊರಿನ ಕೊಳೆ ಬಂದು ಸೇರುವುದೂ ಅಲ್ಲೇ. ಹೆಣ್ಣು ಹಲವು ವರ್ಷಗಳಿಗೊಮ್ಮೆ ಒಂದೇ ಒಂದು ಮರಿ ಹಾಕುತ್ತದೆ. ಹೋದದ್ದು ಬೇಗ ತುಂಬಿಬರುವುದಿಲ್ಲ.

ಹತ್ತಿರ ಹೋಗೋಣವೆಂದು ಮಕ್ಕಳು ಹಟ ಹಿಡಿದರು. ತಾಂಡೇಲರು ಎಂಜಿನು ಮುಟ್ಟಲಿಲ್ಲ. "ಮಗಾ, ನಿಮ್ಮ ಮನೇಲಿ ಊಟಕ್ಕೆ ಕೂತಾಗ ಯಾರಾರೂ ಬಾಗಿಲು ಒದ್ದು ಒಳಗೆ ಬಂದ್ರೆ ಹೆಂಗಾತದೆ?" ಎಂದರು. ಪ್ರವಾಸಿಗಳ ದೋಣಿಗಳು ಎಂಜಿನಿನ ಸದ್ದು ಮಾಡುತ್ತ ಅಟ್ಟಿಸಿಕೊಂಡು ಹೋದರೆ ತಾಯಿ ಮರಿ ಬೇರ್ಪಡುತ್ತವೆ. ಸುಮ್ಮನೆ ನಿಂತರೆ ಅವೇ ಬರುತ್ತವೆ, ಇಲ್ಲವಾದರೆ ಇಲ್ಲ. ಆ ದಿನ ನಮ್ಮ ಪುಣ್ಯ. ತಾವಾಗಿಯೇ ದೋಣಿಯ ಸಮೀಪಕ್ಕೆ ಬಂದು ಹಾದು ಹೋದವು.

ಬಲೆ ಎಳೆಯುವ ಹೊತ್ತಾಯಿತು. ಒಬ್ಬರು ಎಳೆಯುವುದು, ಒಬ್ಬರು ಮೀನು ಬಿಡಿಸುವುದು. ಬಂಗುಡೆಗಳು ಬಿಸಿಲಿಗೆ ಹಸಿರು ನೀಲಿಯಾಗಿ ಹೊಳೆದವು. ನಡುವೆ ತಾರ್ಲೆ, ಎರಡು ಕಾಣೆ, ಒಂದಿಷ್ಟು ಏಡಿ, ಒಂದು ಪ್ಲಾಸ್ಟಿಕ್ ಚೀಲ, ಒಂದು ಚಪ್ಪಲಿ. ಮುಕ್ಕಾಲು ಬಲೆ ಮೇಲೆ ಬಂದಿರುವಾಗ ಅಳಿಯ ಕೂಗಿದ. ಬಲೆ ಭಾರವಾಗಿತ್ತು. ನೀರಿನ ಮಟ್ಟಕ್ಕೆ ಬಂದಾಗ ನೋಡಿದರೆ ಕಡಲಾಮೆ. ಎರಡಡಿಗೂ ಮಿಕ್ಕ ಚಿಪ್ಪು. ಮುಂಗಾಲಿಗೂ ಕುತ್ತಿಗೆಗೂ ನೂಲು ಸುತ್ತಿಕೊಂಡಿತ್ತು.

ಆಮೆ ನೀರಿನಲ್ಲಿ ಬಾಳಿದರೂ ನಮ್ಮಂತೆ ಗಾಳಿಯನ್ನೇ ಉಸಿರಾಡುವ ಪ್ರಾಣಿ. ಬಲೆಯಲ್ಲಿ ಸಿಕ್ಕು ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಇಬ್ಬರೂ ಸೇರಿ ಅದರ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದರು. ಬಿಡಿಸಲು ನೋಡಿದರು, ಆಗಲಿಲ್ಲ. ತಾಂಡೇಲರು ಸೊಂಟದಿಂದ ಚೂರಿ ತೆಗೆದು ಬಲೆಯನ್ನೇ ಕತ್ತರಿಸಿದರು. ಒಂದು ಕಡೆ, ಎರಡು ಕಡೆ, ಮೂರು ಕಡೆ. ಮುಂಗಾಲು ಬಿಡಿಸಿಕೊಂಡ ಆಮೆ ಒಂದು ಗಳಿಗೆ ದೋಣಿಯ ಪಕ್ಕದಲ್ಲೇ ತೇಲಿ, ದೊಡ್ಡದಾಗಿ ಉಸಿರೆಳೆದು ಮುಳುಗಿತು. ಬಲೆಯಲ್ಲಿ ಒಬ್ಬ ಮನುಷ್ಯ ತೂರುವಷ್ಟು ತೂತು. ಇದರ ಬೆಲೆಯೆಷ್ಟೆಂದು ನಾವು ಬ್ಯಾಂಕಿನವರ ಬುದ್ಧಿಯಿಂದ ಕೇಳಿದೆವು. ಅವರು, "ಸಾಹೇಬ್ರೇ, ಬಲೆ ಹರಿದ್ರೆ ಹೆಣೂಕೆ ಆತದೆ. ಜೀವ ಹರಿದ್ರೆ ಹೆಣೂಕೆ ಆತದಾ?" ಎಂದರು. ಅನಂತರ ಮೆಲ್ಲಗೆ, ಎರಡು ದಿನ ಕಡಲಿಗೆ ಬರಲಾಗುವುದಿಲ್ಲವೆಂದೂ ಸೇರಿಸಿದರು.

ಈ ಆಮೆಯನ್ನು ಆಲಿವ್ ರಿಡ್ಲಿ ಎನ್ನುತ್ತಾರೆ. ಚಳಿಗಾಲದ ತಿಂಗಳುಗಳಲ್ಲಿ ಹೆಣ್ಣುಗಳು ರಾತ್ರಿ ಮರಳಿಗೆ ಹತ್ತಿ ಬಂದು, ಗುಂಡಿ ತೋಡಿ, ನೂರರ ಸುಮಾರು ಮೊಟ್ಟೆಗಳನ್ನಿಟ್ಟು ಮುಚ್ಚಿ ಹೋಗುತ್ತವೆ. ನಲವತ್ತೈದರಿಂದ ಅರುವತ್ತು ದಿನಗಳಲ್ಲಿ ಮರಿಗಳು ಹೊರಬಿದ್ದು ಕಡಲಿಗೆ ಓಡುತ್ತವೆ. ಮರಳಿನ ಶಾಖ ಹೆಚ್ಚಿದ್ದರೆ ಹುಟ್ಟುವುದು ಹೆಣ್ಣು, ಕಡಮೆಯಿದ್ದರೆ ಗಂಡು. ದೊಡ್ಡದಾದ ಹೆಣ್ಣು ಮೊಟ್ಟೆಯಿಡಲು ತಾನು ಹುಟ್ಟಿದ ಪ್ರದೇಶದ ಮರಳನ್ನೇ ಹುಡುಕಿಕೊಂಡು ಬರುತ್ತದೆ. ಕಾನೂನು ಆಮೆಯನ್ನೂ ಡಾಲ್ಫಿನ್ನನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿಟ್ಟಿದೆ. ಆದರೆ ನಟ್ಟನಡುನೀರಿನಲ್ಲಿ ಕಾಯಿದೆ ಓದುವವರಾರು? ಅಲ್ಲಿ ಇರುವುದು ಒಬ್ಬ ಬಡವನ ಚೂರಿ, ಅವನ ಮನಸ್ಸು. ಇದನ್ನರಿತು ಮಹಾರಾಷ್ಟ್ರ ಸರಕಾರ 2018ರಲ್ಲಿ ಒಂದು ಯೋಜನೆ ತಂದಿತು. ಇಂಥ ರಕ್ಷಿತ ಪ್ರಾಣಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ 25,000 ರೂಪಾಯಿಯ ವರೆಗೆ ಪರಿಹಾರ. ನಾವು ಬಾಳುವ ರಾಜ್ಯದ ಈ ಒಳ್ಳೆಯ ಕೆಲಸವನ್ನು ಮೆಚ್ಚಿ ಹೇಳಲು ನಮಗೆ ಸಂತೋಷವಾಗುತ್ತದೆ.

ಮಧ್ಯಾಹ್ನ ದೇವಬಾಗದ ಮರಳಿನ ಮೇಲೆ ನೆರಳಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆಯ ಸಾರು, ಶಾಕಾಹಾರಿಗಳಿಗೆ ಉಪ್ಪಿನಕಾಯಿ ಮೊಸರು. ಊಟವಾದ ಮೇಲೆ ತಾಂಡೇಲರು ಬಲೆ ಹೆಣೆಯುತ್ತ ಹಳೆಯ ಕಾಲವನ್ನು ತೆಗೆದರು. ಅವರ ಹುಡುಗತನದಲ್ಲಿ ಈ ತೀರದ ದೊಡ್ಡ ಮೀನುಗಾರಿಕೆಯೆಂದರೆ ರಂಪಣಿ. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡು ತುದಿಗಳನ್ನೂ ದಡದ ಮೇಲಿನಿಂದ ಹತ್ತಾರು ಜನ ಎಳೆಯುತ್ತಿದ್ದರು. ಸಿಕ್ಕಿದ ಮೀನು ಪಾಲಾಗಿ ಮನೆಮನೆಗೆ ಹೋಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮುನ್ನವೇ ಮೀನಿನ ಹಿಂಡನ್ನು ಸುತ್ತುಗಟ್ಟಿ, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಬಿಗಿದು ಎತ್ತುವುದು ಅವುಗಳ ಪದ್ಧತಿ. ರಂಪಣಿ ಹಿಂದೆ ಸರಿಯಿತು. ಪರ್ಸೀನಿನಿಂದ ಅನೇಕರ ಬಾಳು ಹಸನಾಯಿತೆಂಬುದೂ ನಿಜವೇ. ಆಮೇಲೆ ರಾತ್ರಿ ಪ್ರಖರವಾದ ಎಲ್‌ಇಡಿ ದೀಪ ಹಚ್ಚಿ ಮೀನನ್ನು ಸೆಳೆಯುವ ವಿದ್ಯೆ ಬಂತು. ದೀಪಕ್ಕೆ ಮರಿ, ತಾಯಿ ಎಂಬ ಭೇದವಿಲ್ಲ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಇದನ್ನು ನಿಷೇಧಿಸಿತು.

ದಿನದ ಉತ್ಪತ್ತಿಯನ್ನು ಹಂಚುವ ಕ್ರಮವನ್ನು ಕೇಳಿದೆವು. ಎಣ್ಣೆಯ ಖರ್ಚು ಕಳೆದ ಮೇಲೆ ಉಳಿದುದರಲ್ಲಿ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಆಳಿಗೊಂದು ಪಾಲು. ಕೇಳಿ ನಮಗೆ ಸೋಜಿಗವಾಯಿತು. ದೋಣಿಗೆ, ಬಲೆಗೆ ಪಾಲು ಏಕೆ? ಅವು ಸವೆಯುತ್ತವೆ, ಮುಂದೆ ಹೊಸದು ಕೊಳ್ಳಬೇಕು. ಕಾಲೇಜಿನಲ್ಲಿ ದಪ್ಪ ದಪ್ಪ ಪುಸ್ತಕ ಓದಿ ನಾವು ಕಲಿತ ಸವಕಳಿ ನಿಧಿಯೆಂದರೆ ಇದೇ ಅಲ್ಲವೇ? ಹಾಗಾದರೆ, ಎಲ್ಲಕ್ಕೂ ಮೂಲವಾದ ಕಡಲಿನ ಪಾಲೆಲ್ಲಿ ಎಂದು ಕೇಳಿದೆವು. ತಾಂಡೇಲರು ಕೈಯಲ್ಲಿದ್ದ ಬಲೆಯನ್ನೆತ್ತಿ ಅದರ ಕಣ್ಣಿನೊಳಗಿಂದ ನಮ್ಮನ್ನು ನೋಡಿ, "ಇದರಾಗೆ ದಾಟಿ ಹೋದದ್ದೆಲ್ಲ ಅದ್ರ ಪಾಲು. ಮಳೆಗಾಲದ ಎರಡು ತಿಂಗಳೂ ಅದ್ರದೇ" ಎಂದರು.

ಮಿತ್ರರೇ, ನಮಗೆ ತಿಳಿದಮಟ್ಟಿಗೆ ಮೀನುಗಾರಿಕೆಯ ಅರ್ಥಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿದೆ. ಮುಂಗಾರಿನ ಗಾಳಿ ಬೀಸುವಾಗ ನಮ್ಮ ಪಡುವಣ ತೀರದಲ್ಲಿ ಕಡಲಿನ ಆಳದ ತಣ್ಣನೆಯ, ಸಾರವತ್ತಾದ ನೀರು ಮೇಲಕ್ಕೆ ಬರುತ್ತದೆ. ಅದರಿಂದ ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ತಾರ್ಲೆಗೂ ಬಂಗುಡೆಗೂ ಅದೇ ಹಬ್ಬದೂಟ, ಅದೇ ಮರಿಮಾಡುವ ಕಾಲ. ಆದುದರಿಂದಲೇ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗೆ ಇಳಿಯಬಾರದೆಂಬ ಕಟ್ಟಳೆಯಿದೆ. ಠೇವಣಿ ಬೆಳೆಯುವ ಕಾಲದಲ್ಲಿ ಅದನ್ನು ಮುಟ್ಟಬಾರದು. ಬೆಳೆದ ಮೀನನ್ನು ಹಿಡಿದರೆ ಬಡ್ಡಿ ತಿಂದಂತೆ. ಒಂದು ಸಲವೂ ಮೊಟ್ಟೆಯಿಡದ ಮರಿಯನ್ನು ಹಿಡಿದರೆ ಅಸಲಿಗೇ ಕೈ ಹಾಕಿದಂತೆ. ಸಣ್ಣ ಕಣ್ಣಿನ ಬಲೆಗೆ ಬಿದ್ದ ಮರಿಮೀನು ಮನುಷ್ಯರ ತಟ್ಟೆಗೂ ಬಾರದೆ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವುದುಂಟು.

ಅಂಕೆಗಳನ್ನು ಹೇಳದಿದ್ದರೆ ಗುಮಾಸ್ತರಿಗೆ ಸಮಾಧಾನವಿಲ್ಲ. ಕೇಂದ್ರ ಕಡಲಮೀನು ಸಂಶೋಧನಾಲಯದವರ ಲೆಕ್ಕದಂತೆ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ನೂರು ರೂಪಾಯಿ ಬರುತ್ತಿದ್ದ ಕಡೆ ಒಂದು ರೂಪಾಯಿಗೂ ಕಡಮೆ! ಇದೆಲ್ಲ ಬಲೆಯ ತಪ್ಪೇ ಎಂದರೆ ಅನ್ಯಾಯವಾದೀತು. ಕಡಲಿನ ಶಾಖ, ಮಳೆಗಾಳಿಯ ಏರುಪೇರು ಇವುಗಳ ಪಾಲೂ ಇದೆ. ತಾರ್ಲೆ ಹಿಂದಿನಿಂದಲೂ ಬಂದು ಹೋಗುವ ಮೀನು. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಒಂದು ಲಕ್ಷ ಟನ್ನನ್ನು ದಾಟಿತು. ನಮಗೆ ಇಲ್ಲಿ ಕಾಣುವುದೇನೆಂದರೆ, ಕೆಟ್ಟ ಕಾಲ ಬಂದಾಗ ಅಸಲು ಒಂದಿಷ್ಟಾದರೂ ಉಳಿದಿದ್ದರೆ ಖಾತೆ ಮತ್ತೆ ಬೆಳೆಯುತ್ತದೆ. ಪೂರಾ ಖಾಲಿಯಾದರೆ ಬೆಳೆಯಲು ಏನೂ ಇರುವುದಿಲ್ಲ. 2015ರಲ್ಲಿ ಕೇರಳದವರು ತಾರ್ಲೆ 10 ಸೆಂಟಿಮೀಟರಿಗೂ ಬಂಗುಡೆ 14 ಸೆಂಟಿಮೀಟರಿಗೂ ಕಡಮೆಯಿದ್ದರೆ ಹಿಡಿಯಕೂಡದೆಂದು ಗೊತ್ತುಮಾಡಿದರು. 2023ರಲ್ಲಿ ಮಹಾರಾಷ್ಟ್ರವೂ 54 ಜಾತಿಗಳಿಗೆ ಇಂಥ ಅಳತೆ ನಿಗದಿಮಾಡಿತು. ಅದೇ ವರ್ಷ ಪಾಪ್ಲೆಟನ್ನು ರಾಜ್ಯದ ಮೀನೆಂದು ಸಾರಿತು.

ಸಣ್ಣ ದೋಣಿಯವರ ಬಾಳು ಸುಲಭವಾದುದಲ್ಲ. ತಾಂಡೇಲರ ಮಗ ಗೋವೆಯಲ್ಲಿ ಕೆಲಸಕ್ಕಿದ್ದಾನೆ, ಕಡಲಿಗೆ ಬರಲೊಲ್ಲ. ಅವನನ್ನು ತಪ್ಪೆನ್ನಲು ನಾವು ಯಾರು? ನಮ್ಮ ತಂದೆಯವರ ಹೊಲವನ್ನೋ ಅಂಗಡಿಯನ್ನೋ ಬಿಟ್ಟು ಇಲ್ಲಿಗೆ ಬಂದವರೇ ನಾವೂ. 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲವನ್ನು ಮೀನುಗಾರರಿಗೂ ವಿಸ್ತರಿಸಿದ್ದಾರೆ. ಒಳ್ಳೆಯದೇ. ಆದರೆ ಸಾಲದ ಅರ್ಜಿಯಲ್ಲಿ ದೋಣಿಯ ಬೆಲೆ, ಎಂಜಿನಿನ ಬೆಲೆ, ಬಲೆಯ ಬೆಲೆ ಬರೆಯಲು ಅಂಕಣಗಳಿವೆ; ಆಮೆಗಾಗಿ ಬಲೆ ಕತ್ತರಿಸುವ ಮನಸ್ಸಿನ ಬೆಲೆ ಬರೆಯಲು ಅಂಕಣವಿಲ್ಲ. ದಡದ ಗುಡ್ಡಗಳನ್ನು ನೋಡಿ ನೀರಿನಲ್ಲಿ ಜಾಗ ಹಿಡಿಯುವ ವಿದ್ಯೆಗೂ ಇಲ್ಲ. ಆ ಹಿರಿಯರೊಡನೆ ಅವೂ ಹೋಗಿಬಿಟ್ಟರೆ ನಾಡಿನ ಆಸ್ತಿಯಲ್ಲಿ ಎಷ್ಟು ಕಡಮೆಯಾಯಿತೆಂದು ಯಾವ ಖಾತೆಯೂ ತೋರಿಸದು.

ಹೊರನಾಡಿನಲ್ಲಿರುವ ನಾವು ಇದಕ್ಕೇನು ಮಾಡಬಲ್ಲೆವು? ದೊಡ್ಡ ಮಾತು ಬೇಡ. ಕೈಗೆ ಎಟುಕುವ ಮೂರು ಕೆಲಸಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಮೊದಲನೆಯದು ನಮ್ಮ ತಾಯಂದಿರಿಗೆ, ಅಕ್ಕತಂಗಿಯರಿಗೆ, ಚೀಲ ಹಿಡಿದು ಹಿಂದೆ ಹೋಗುವ ನಮ್ಮಂಥ ಗಂಡಸರಿಗೂ. ಮಾರುಕಟ್ಟೆಯಲ್ಲಿ ಅಂಗೈಗಿಂತ ಸಣ್ಣ ಪಾಪ್ಲೆಟ್ಟು, ಗೇಣುದ್ದದ ಸುರಮಯಿ ಅಗ್ಗವಾಗಿ ಸಿಕ್ಕಿತೆಂದು ಕೊಳ್ಳಬೇಡಿ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಕಡಮೆಯಾಗುತ್ತಾರೆ. ಎರಡನೆಯದು, ರಜೆಯಲ್ಲಿ ಊರ ಕಡೆಗೆ ಹೋದಾಗ ಡಾಲ್ಫಿನ್ ನೋಡಲು ದೋಣಿ ಹತ್ತಿದರೆ, ಅಟ್ಟಿಸಿಕೊಂಡು ಹೋಗಬೇಡಿ, ಎಂಜಿನು ನಿಲ್ಲಿಸಿ ಎಂದು ಮೊದಲೇ ಹೇಳಿ. ದುಡ್ಡು ಕೊಡುವವರು ನೀವು, ಮಾತು ನಡೆಯುತ್ತದೆ.

ಮೂರನೆಯದು ಭಾಷೆಗೆ ಸಂಬಂಧಿಸಿದ್ದು. ಒಂದೇ ಮೀನು ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ಇಲ್ಲಿಯ ಸುರಮಯಿ ಅಲ್ಲಿಯ ಅಂಜಲ್, ಕಾರವಾರದ ಇಸ್ವಾಣ. ನಮ್ಮ ಮಕ್ಕಳು ಇವುಗಳಲ್ಲಿ ಒಂದನ್ನೂ ಅರಿಯದೆ, ಎಲ್ಲಕ್ಕೂ ಫಿಶ್ ಎಂಬ ಒಂದೇ ಶಬ್ದದಲ್ಲಿ ಕೆಲಸ ತೀರಿಸುತ್ತಿದ್ದಾರೆ. ಹೆಸರು ತಿಳಿಯದ ಪ್ರಾಣಿ ಇಲ್ಲವಾದರೂ ಯಾರಿಗೂ ತಿಳಿಯುವುದಿಲ್ಲ. ಆ ದಿನ ದೋಣಿಯಿಂದ ಇಳಿಯುವಾಗ ಮಕ್ಕಳು ಬಾಯಿಪಾಠ ಮಾಡಿ ತಂದದ್ದು ಹನ್ನೊಂದು ಮೀನುಗಳ ಹೆಸರು, ಮೂರು ಹಕ್ಕಿಗಳ ಹೆಸರು, ಮತ್ತು ಮಾರು ಎಂಬ ಅಳತೆ. ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಮರ, ಹಕ್ಕಿ, ಮೀನುಗಳ ಹೆಸರುಗಳನ್ನು ಆಯಾ ಊರಿನವರಿಂದಲೇ ಕಲಿಸುವ ಒಂದು ಪಾಠವನ್ನು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ಸವಿನಯವಾಗಿ ಬೇಡುತ್ತೇವೆ. ಕರಾವಳಿಯ ಮನೆಗಳವರು ಮುಂದೆ ಬಂದರೆ ಇದು ಕಷ್ಟದ ಕೆಲಸವಲ್ಲ.

ರಾಜ್ಯವೆಂದರೆ ನೆಲದ ಗಡಿ ಮಾತ್ರವಲ್ಲ. ಅದರ ನೀರು, ಆ ನೀರಿನಲ್ಲಿ ಬಾಳುವ ಜೀವಗಳು, ಅವುಗಳೊಡನೆ ಲೆಕ್ಕ ತಪ್ಪದಂತೆ ಬಾಳುವ ಜನರು ಸೇರಿ ನಾಡಾಗುತ್ತದೆ. ನಮ್ಮ ಪಾಲನ್ನು ನಾವು ಪಡೆಯೋಣ. ಕಡಲಿನ ಪಾಲನ್ನು ಕಡಲಿಗೆ ಬಿಡೋಣ.